ಕವರು ಯಾರ ಕೈಯದು

ನಮ್ಮೂರಿನಲ್ಲಿ ಅಂಗಡಿಗೆ ಹೋದವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. ಹೊಸಬರು ನೋಡಿದರೆ ಶೆಟ್ಟರ ಮುಂದೆ ಇದೇನಪ್ಪಾ ಇಷ್ಟು ವಿನಯ ಎಂದುಕೊಳ್ಳಬಹುದು. ವಿನಯವೂ ಇಲ್ಲ, ಮಣ್ಣೂ ಇಲ್ಲ. ಶೆಟ್ಟರು ಮಾತಿನ ಭರದಲ್ಲಿ ಸಾಮಾನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಚಾಚಿ, ನಾವೂ ಮಾತಿನ ಭರದಲ್ಲಿ ಕೈ ಒಡ್ಡಿಬಿಟ್ಟರೆ ಮುಗಿಯಿತು, ಆ ಕವರು ನಮ್ಮದು. ಕೊಟ್ಟವನದ್ದಲ್ಲ, ದುಡ್ಡು ತೆತ್ತವನದ್ದೂ ಅಲ್ಲ, ಅಂಗಡಿಯಲ್ಲಿ ಮೊದಲು ಕೈಯೊಡ್ಡಿ ಈಸಿಕೊಂಡವರದ್ದು. ಆಮೇಲೆ ಅದನ್ನು ಎಲ್ಲಿ ಬಿಸಾಡಿದರೂ ಮಾರನೆಯ ದಿನ ಮಧ್ಯಾಹ್ನದೊಳಗೆ ಆ ಕೈ ಇರುವ ಕಡೆಗೆ ಬರುತ್ತದೆ. ಕೆರೆಗೆ ಎಸೆದರೆ ಒದ್ದೆಯಾಗಿ ಬರುತ್ತದೆ, ಒಲೆಗೆ ಹಾಕಿದರೆ ಕರಿಮುದ್ದೆಯಾಗಿ ಉರುಳಿಕೊಂಡು ಬರುತ್ತದೆ. ಬಾಗಿಲು ಹಾಕಿದ್ದರೆ ಹೊಸಿಲ ಮೇಲೆ ಕೂತಿರುತ್ತದೆ.

ಉಪಯೋಗಿಸುತ್ತಿರುವವರೆಗೆ ಅದರ ಕಾಟವಿಲ್ಲ. ಹಾಗಾಗಿ ನಾವು ಕವರು ತೊಳೆಯುತ್ತೇವೆ, ಒಳಗುಹೊರಗು ಮಾಡಿ ಬಟ್ಟೆಯ ತಂತಿಗೆ ಕ್ಲಿಪ್ಪು ಹಾಕಿ ಒಣಗಿಸುತ್ತೇವೆ, ತೂತು ಬಿದ್ದರೆ ಮೇಲೊಂದು ಕಾಗದ ಇಟ್ಟು ಇಸ್ತ್ರಿಪೆಟ್ಟಿಗೆ ಒತ್ತಿ ತೇಪೆ ಹಾಕುತ್ತೇವೆ. ನಮ್ಮ ಅತ್ತೆಯವರದ್ದೊಂದು ಹಸಿರು ಕವರಿನಲ್ಲಿ ಇಪ್ಪತ್ತೆರಡು ವರ್ಷ ರಾಗಿಹಿಟ್ಟು ತುಂಬಿಟ್ಟಿದ್ದೆವು. ಅವರು ತೀರಿಕೊಂಡ ಮೇಲೆ ಒಂದು ದಿನ ಅದು ಪೂರ್ತಿ ಹರಿದುಹೋಯಿತು. ತಿಪ್ಪೆಗೆ ಹಾಕಿದೆ. ನನ್ನ ಕಣ್ಣೆದುರಿಗೇ ಎದ್ದು ಸ್ಮಶಾನದ ದಾರಿ ಹಿಡಿಯಿತು. ಊರಿನಲ್ಲಿ ಯಾರೂ ಇದಕ್ಕೆಲ್ಲ ಬೆರಗಾಗುವುದಿಲ್ಲ. ಚೀಲ ಹಿಡಿದೇ ಮನೆ ಬಿಡುತ್ತಾರೆ, ಕೈ ಕಟ್ಟಿ ನಿಲ್ಲುತ್ತಾರೆ, ಅಷ್ಟೆ.

ತೊಂದರೆ ಬರುವುದು ತುಂಬಿದ ಮನೆಗಳಲ್ಲಿ. ನಾಲ್ಕು ಜನರಿರುವ ಮನೆಯ ಹೊಸಿಲಿಗೆ ಕವರು ಬಂದು ಕೂತರೆ ಅದು ಯಾರ ಕೈಯದು? ಪ್ರತಿಯೊಬ್ಬರೂ ನಂದಲ್ಲ ಅನ್ನುವವರೇ. ಆಗ ನನ್ನನ್ನು ಕರೆಯುತ್ತಿದ್ದರು. ಯಾವ ಅಂಗಡಿಯಲ್ಲಿ ಯಾವ ದಿನ ಯಾರು ನಿಂತಿದ್ದರು, ಯಾರ ಕೈ ಮುಂದಿತ್ತು, ಯಾರದು ಹಿಂದಿತ್ತು, ಎಲ್ಲ ನನ್ನ ತಲೆಯಲ್ಲಿರುತ್ತಿತ್ತು. ಒಮ್ಮೆ ಹೆಡ್‌ಮೇಷ್ಟ್ರ ಮನೆಯ ಹೊಸಿಲಿಗೆ ಕೋಳಿ ಅಂಗಡಿಯ ಕರಿ ಕವರು ಬಂತು. ಬೆಳ್ಳುಳ್ಳಿಯನ್ನೂ ಮುಟ್ಟದ ಮನೆ ಅದು. ಮೇಷ್ಟ್ರ ಹೆಂಡತಿ ಪಾತ್ರೆ ತೊಳೆಯುವವಳ ಮೇಲೆ ಹರಿಹಾಯುತ್ತಿದ್ದಳು. ನಾನು ಹೋಗಿ ಕುರ್ಚಿಯ ಮೇಲೆ ಕೂತು, "ಮೇಷ್ಟ್ರೇ, ಹೋದ ಮಂಗಳವಾರ ನೀವು ಮಫ್ಲರ್ ಸುತ್ಕೊಂಡು ಕೋಳಿ ಅಂಗಡಿ ಪಕ್ಕ ನಿಂತಿದ್ರಿ. ಇಷ್ಟು ಬಿಸಿಲಲ್ಲಿ ಮಫ್ಲರ್ ಯಾಕೆ ಅಂತ ಅವತ್ತೇ ಅನ್ಕೊಂಡೆ" ಅಂದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಪಾತ್ರೆಯವಳು ನನ್ನ ಕಾಲಿಗೆ ಬಿದ್ದಳು.

ದೇವೀರಮ್ಮ ಹೇಳಿದ ಮೇಲೆ ಮುಗೀತು ಅನ್ನುತ್ತಿದ್ದರು ಜನ. ಆ ದೇವೀರಮ್ಮ ನಾನೇ. ಎಲೆಅಡಿಕೆ ಬಿಟ್ಟು ಯಾರಿಂದಲೂ ಏನೂ ಈಸಿಕೊಂಡವಳಲ್ಲ. ಒಂದು ಅಕ್ಷರ ಬರೆದಿಟ್ಟುಕೊಂಡವಳೂ ಅಲ್ಲ. ಅನುಮಾನಪಡುವುದು ಕೆಟ್ಟದ್ದು ಅಂತ ಬುದ್ಧಿ ಹೇಳುವವರಿದ್ದಾರಲ್ಲ, ಅಂಥವರನ್ನು ಕಂಡರೆ ನನಗೆ ಮೊದಲು ಅನುಮಾನ.

ನಮ್ಮ ಮನೆಯಲ್ಲಿ ಇರುವುದು ಮೂರೇ ಜನ. ನಾನು, ಮಗ ನಾಗಭೂಷಣ, ಸೊಸೆ ಪ್ರಭಾಮಣಿ. ಭೂಷಣ ಲಾರಿ ಓಡಿಸುತ್ತಾನೆ, ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಮನೆಗೆಲ್ಲ ಸೇರಿ ಇದ್ದದ್ದು ನಾಲ್ಕು ಕವರು. ಅವುಗಳ ಮುಖ ನನಗೆ ಮಕ್ಕಳ ಮುಖದಷ್ಟೇ ಪರಿಚಯ. ಯುಗಾದಿ ಕಳೆದು ಹದಿನೈದು ದಿನವಾಗಿರಬೇಕು, ಒಂದು ಮಧ್ಯಾಹ್ನ ಎಲೆಅಡಿಕೆ ಹಾಕಿಕೊಂಡು ಉಗಿಯಲು ಬಾಗಿಲಿಗೆ ಬಂದರೆ, ಹೊಸಿಲ ಮೇಲೆ ಹಳದಿ ಕವರು! ಪಾಪಣ್ಣ ಶೆಟ್ಟರ ದಿನಸಿ ಅಂಗಡಿಯದು. ಕವರಿನ ಗುಟ್ಟು ಬಿಡಿಸುವವಳ ಮನೆಗೇ ಕವರು. ನನಗೆ ಮೈಯೆಲ್ಲ ಉರಿದುಹೋಯಿತು.

"ಪ್ರಭಾ, ಇದು ಯಾರ್ದೇ?"

ಪ್ರಭಾ ಒಗೆಯುವುದನ್ನು ಬಿಟ್ಟು ಎದ್ದು ಬಂದಳು. ಕವರನ್ನು ನೋಡಿದಳು, ನನ್ನ ಮುಖ ನೋಡಿದಳು. ಅವಳ ಬಾಯಿ ತೆರೆಯಿತು, ಮುಚ್ಚಿತು. ಆಮೇಲೆ, "ನಂದೇ ಅತ್ತೆ. ಚೀಲ ಮರ್ತು ಹೋಗಿದ್ದೆ. ಶೆಟ್ರು ಕೊಟ್ರು, ಈಸ್ಕೊಂಡ್ಬಿಟ್ಟೆ" ಅಂದಳು.

ಸುಳ್ಳು. ಹಸಿ ಸುಳ್ಳು. ಈ ಹುಡುಗಿ ಮದುವೆಯಾಗಿ ಬಂದ ಆರು ವರ್ಷದಲ್ಲಿ ಒಂದು ದಿನವೂ ಚೀಲ ಮರೆತವಳಲ್ಲ. ಎದುರು ಮನೆಗೆ ಹೆಪ್ಪು ಕೇಳಲು ಹೋಗುವಾಗಲೂ ಸೊಂಟಕ್ಕೆ ಚೀಲ ಸಿಕ್ಕಿಸಿಕೊಂಡು ಹೋಗುವವಳು. ಮೂವತ್ತು ವರ್ಷದಿಂದ ಊರವರ ಸುಳ್ಳು ಕೇಳಿದವಳು ನಾನು. ನಂದಲ್ಲ ಎಂದು ಸುಳ್ಳು ಹೇಳುವವರನ್ನೇ ಕಂಡಿದ್ದೆ, ನಂದೇ ಎಂದು ಸುಳ್ಳು ಹೇಳಿದವಳನ್ನು ಕಂಡದ್ದು ಅದೇ ಮೊದಲು. ಇದರಲ್ಲಿ ಏನೋ ಇದೆ ಅಂದುಕೊಂಡು ಸುಮ್ಮನಾದೆ. ಸುಮ್ಮನಾದೆ ಅಂದರೆ ಬಾಯಿ ಸುಮ್ಮನಾಯಿತು, ಕಣ್ಣಲ್ಲ.

ವಾರ ಕಳೆಯಲಿಲ್ಲ, ಇನ್ನೊಂದು ಬಂತು. ಅದೇ ಹಳದಿ. ಇನ್ನೆರಡು ದಿನಕ್ಕೆ ಮತ್ತೊಂದು. ಪ್ರತಿ ಸಲವೂ ಅದೇ ಉತ್ತರ, "ನಂದೇ ಅತ್ತೆ." ಅಷ್ಟೇ ಆಗಿದ್ದರೆ ಹೇಗೋ. ಪ್ರಭಾ ನನ್ನ ಮೇಲೆ ಕಣ್ಣಿಡತೊಡಗಿದಳು. ನಾನು ಚಪ್ಪಲಿ ಮೆಟ್ಟಿದರೆ ಸಾಕು, "ಎಲ್ಲಿಗೆ ಅತ್ತೆ? ನಾನೂ ಬರ್ಲಾ?" ಅನ್ನುವಳು. ಚೀಲವನ್ನು ಮಡಿಸಿ ತಾನೇ ನನ್ನ ಸೊಂಟಕ್ಕೆ ಸಿಕ್ಕಿಸುವಳು. ಹಿಂದಿರುಗಿ ಬಂದರೆ ಬಾಗಿಲಲ್ಲೇ ನಿಂತು ನನ್ನ ಕೈ ನೋಡುವಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ತಾನು ಮಾಡುವ ಕೆಲಸ ನನಗೆ ಗೊತ್ತಾಗಿಬಿಟ್ಟಿತೇ ಎಂದು ಕಾವಲು ಕಾಯುತ್ತಿದ್ದಾಳೆ ಎಂದುಕೊಂಡೆ. ಪಕ್ಕದ ಮನೆಯ ಚೆಲುವಾಂಬನ ಜೊತೆ ಗೋಡೆಯಾಚೆ ಪಿಸುಪಿಸು ಬೇರೆ. ನಾನು ಹೋದರೆ ಇಬ್ಬರೂ ಗಪ್‌ಚಿಪ್. ಚೆಲುವಾಂಬ, "ಊಟ ಆಯ್ತಾ ದೇವೀರಕ್ಕಾ?" ಅಂತ ಒಂದೇ ಉಸಿರಿನಲ್ಲಿ ಎರಡು ಸಲ ಕೇಳುವಳು. ನನ್ನ ಊಟದ ಮೇಲೆ ಅವಳಿಗೆ ಅಷ್ಟು ಅಕ್ಕರೆ ಯಾವತ್ತಿನಿಂದ?

ಶೆಟ್ಟರನ್ನೇ ಕೇಳೋಣ ಎಂದು ಹೊರಟೆ. ಕೈ ಹಿಂದೆ ಕಟ್ಟಿ ನಿಂತು, "ನಮ್ಮ ಪ್ರಭಾ ಈ ನಡುವೆ ಅಂಗಡಿಗೆ ಬಂದಿದ್ಲಾ ಶೆಟ್ರೇ?" ಅಂದೆ.

ಶೆಟ್ಟರು ತಕ್ಕಡಿಯ ಮೇಲೆ ಇಲ್ಲದ ಧೂಳನ್ನು ಒರೆಸಿದರು. "ಬಂದಿರ್ಬೋದಮ್ಮಾ. ದಿನಕ್ಕೆ ನೂರು ಜನ ಬರ್ತಾರೆ."

"ನೂರು ಜನದಲ್ಲಿ ಯಾರು ಯಾವ ಬೇಳೆ ಕೊಂಡ್ರು ಅಂತ ಬೀದೀಲಿ ನಿಂತು ನಾನು ಹೇಳ್ತೀನಿ. ಅಂಗಡಿ ನಿಮ್ದು, ನಿಮಗೆ ಗೊತ್ತಿಲ್ವಾ?"

"ವಯಸ್ಸಾಯ್ತಲ್ಲಮ್ಮಾ, ಮರ್ತೋಗತ್ತೆ" ಅಂದರು. ನನಗಿಂತ ಹತ್ತು ವರ್ಷ ಚಿಕ್ಕವರು! ಆಮೇಲೆ, "ಇವತ್ತು ಏನು ಕೊಡ್ಲಿ?" ಎಂದು ಕೇಳಿದರು. ಕೇಳುತ್ತಿದ್ದಂತೆ ಅವರ ಕೈ ತಾನಾಗಿ ಇಂಗಿನ ಡಬ್ಬಿಗಳ ಸಾಲಿಗೆ ಹೋಯಿತು. ಹೋದದ್ದು ತಿಳಿದು ಹಿಂದಕ್ಕೆ ಬಂತು. ನಾನು ಅದನ್ನು ನೋಡಿಬಿಟ್ಟೆ. ಓಹೋ, ಪ್ರಭಾ ಕೊಳ್ಳುವುದು ಇಂಗು. ಶೆಟ್ಟರೂ ಇದರಲ್ಲಿ ಶಾಮೀಲು. ಏನೂ ಬೇಡ ಎಂದು ಹೇಳಿ ಬಂದೆ. ದಾರಿಯುದ್ದಕ್ಕೂ ಯೋಚನೆ. ಇಷ್ಟೊಂದು ಇಂಗು ಯಾಕೆ? ನಮ್ಮ ಸಾರಿಗೆ ತಿಂಗಳಿಗೊಂದು ಡಬ್ಬಿ ಸಾಕು.

ಇಂಗಿನ ಡಬ್ಬಿಯನ್ನು ಎಷ್ಟು ಬಚ್ಚಿಟ್ಟರೂ ವಾಸನೆಯನ್ನು ಬಚ್ಚಿಡಲು ಬರುವುದಿಲ್ಲ. ಮಾರನೆಯ ದಿನ ಪ್ರಭಾ ನಲ್ಲಿಯ ಹತ್ತಿರ ಇದ್ದಾಗ ಅವಳ ಕೋಣೆಗೆ ಹೋದೆ. ಮಂಚದ ಕೆಳಗಿನ ಟ್ರಂಕಿನಿಂದ ಘಮ್ಮೆನ್ನುತ್ತಿತ್ತು. ಬೀಗ ಹಾಕಿರಲಿಲ್ಲ. ತೆಗೆದರೆ ಸೀರೆಗಳ ಕೆಳಗೆ ಒಂದಲ್ಲ ಎರಡಲ್ಲ, ಒಂಬತ್ತು ಇಂಗಿನ ಡಬ್ಬಿ. ಪಕ್ಕದಲ್ಲಿ ತ್ರಿಕೋನವಾಗಿ ಮಡಿಸಿಟ್ಟ ಒಂಬತ್ತು ಹಳದಿ ಕವರು. ನಾನು ಕಂಡದ್ದು ಮೂರು, ಬಂದದ್ದು ಒಂಬತ್ತು! ಉಳಿದವನ್ನು ನನ್ನ ಕಣ್ಣಿಗೆ ಬೀಳುವ ಮೊದಲೇ ಹೊಸಿಲಿನಿಂದ ಎತ್ತಿ ಬಚ್ಚಿಟ್ಟಿದ್ದಾಳೆ. ಇಂಗು ತಿಂದ ಮಂಗನ ಹಾಗೆ ನಿಂತುಬಿಟ್ಟೆ. ಸ್ವಲ್ಪ ಹೊತ್ತಿಗೆ ಲೆಕ್ಕ ಕೂಡಿತು. ತೌರಿಗೆ ಸಾಗಿಸಲು ಕೂಡಿಡುತ್ತಿದ್ದಾಳೆ. ಇವತ್ತು ಇಂಗು, ನಾಳೆ ಎಣ್ಣೆ, ನಾಳಿದ್ದು ನನ್ನ ಕಡಗ.

ಪ್ರಭಾ ಬಿಂದಿಗೆ ಇಳಿಸುವಷ್ಟರಲ್ಲಿ ಟ್ರಂಕನ್ನು ನಡುಮನೆಗೆ ಎಳೆದು ತಂದಿದ್ದೆ. ಅವಳು ನೋಡಿದಳು. ಬಿಂದಿಗೆಯ ಪಕ್ಕದಲ್ಲೇ ಕೂತಳು.

"ಯಾರಿಗೆ ಕೂಡಿಡ್ತಿದೀಯೇ ಇದನ್ನ? ನಿಮ್ಮಮ್ಮ ಇಂಗಿನ ಅಂಗಡಿ ಇಡ್ತಾಳಾ?"

"ತೌರಿಗಲ್ಲ ಅತ್ತೆ."

"ಮತ್ಯಾರಿಗೆ?"

ಟ್ರಂಕಿನಿಂದ ಜಾರಿದ್ದ ಸೀರೆಯೊಂದನ್ನು ಮಡಿಸತೊಡಗಿದಳು.

"ತಂದದ್ದು ಯಾರು ಹೇಳು."

"ನಾನೇ" ಅಂದಳು. ಕಣ್ಣಲ್ಲಿ ನೀರು ಧಾರಾಕಾರ. ಬೇರೆ ಯಾರ ಕಣ್ಣೀರಿಗಾದರೂ ಕರಗುತ್ತಿದ್ದೆನೇನೋ, ಅವಳದ್ದಕ್ಕೆ ಕರಗಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಒಳಗೆ ಹೆದರಿಕೆಯಾಗಿತ್ತು. ಆರು ವರ್ಷ ನಂಬಿದ್ದ ಹುಡುಗಿ. ನನ್ನ ಮಂಡಿ ನೋವಿಗೆ ಎಣ್ಣೆ ಕಾಯಿಸಿ ಹಚ್ಚುವ ಕೈ. ಆ ಕೈಯೇ ಹೀಗಾದರೆ ಮುಂದೆ ನನ್ನ ಗತಿ ಏನು ಎಂದು ಹೆದರಿದೆ, ಹೆದರಿಕೆಯಲ್ಲಿ ಬಾಯಿ ಬಿಟ್ಟುಬಿಟ್ಟೆ. "ಈ ಮನೇಲಿ ನೀನಿರಬೇಡ. ನಿಮ್ಮಮ್ಮನ ಮನೆಗೆ ಹೋಗು."

ಸಂಜೆ ಭೂಷಣ ಬಂದ. ಅವನಿಗೆ ಎಲ್ಲ ಹೇಳಿದೆ. ಅವನು ಹೆಂಡತಿಯನ್ನು ಬೈಯಲಿಲ್ಲ, ಹೊಡೆಯಲಿಲ್ಲ, ಒಂದು ಮಾತು ಕೇಳಲೂ ಇಲ್ಲ. ತಲೆ ತಗ್ಗಿಸಿಕೊಂಡು, "ಬಿಡವ್ವ. ಇಂಗು ತಾನೇ" ಅಂದ. ಇವನೂ ಸೇರಿಕೊಂಡಿದ್ದಾನೆ! ಹೆತ್ತ ಮಗ!

"ಮಾತು ಇಂಗಿನ್ದಲ್ಲ ಕಣೋ. ನಾಳೆ ಊರವರ ಮನೇಲಿ ಕೂತು ಇದು ನಿಂದು, ಅದು ಅವಳ್ದು ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ? ಸಂತೆಮಾಳದಲ್ಲಿ ಕೂರೋಣ."

ಸಂತೆಮಾಳದಲ್ಲಿ ಕೂರುವುದೆಂದರೆ ನಮ್ಮೂರಿನ ಕೊನೆಯ ಪರೀಕ್ಷೆ. ಜಗಳಕ್ಕೆ ಬಿದ್ದ ಕವರುಗಳನ್ನು ಪಕ್ಕದ ಮನೆಯವರು ಹಿಂದಿನ ದಿನ ಕೆರೆಗೆ ಎಸೆದು ಬರುತ್ತಾರೆ. ಮಾರನೆಯ ದಿನ ಆ ಮನೆಯ ಒಬ್ಬೊಬ್ಬರೂ ಸಂತೆ ಸೇರುವ ಬಯಲಿನಲ್ಲಿ ಇಪ್ಪತ್ತು ಇಪ್ಪತ್ತು ಮಾರು ದೂರದಲ್ಲಿ ಚಾಪೆ ಹಾಕಿಕೊಂಡು, ಅಂಗೈ ಮೇಲೆ ಮಾಡಿ ಕೂರಬೇಕು. ಮನೆಯವರಲ್ಲಿ ಯಾರೊಬ್ಬರೂ ತಪ್ಪಿಸಿಕೊಳ್ಳುವಂತಿಲ್ಲ. ಕವರು ಯಾರ ಹತ್ತಿರ ಹೋಗುತ್ತದೋ ಅವರದು. ಇಲ್ಲಿಯವರೆಗೆ ಎಷ್ಟು ಮನೆಯವರನ್ನು ಕೂರಿಸಿದ್ದೇನೋ, ನಾನು ಚಾಪೆ ಹಾಕಿಕೊಂಡು ಕೂತವಳಲ್ಲ.

ಅದನ್ನು ಕೇಳಿದ್ದೇ ತಡ ಪ್ರಭಾ ನನ್ನ ಕಾಲು ಹಿಡಿದಳು. "ಬೇಡ ಅತ್ತೆ, ದಮ್ಮಯ್ಯ. ನಾಳೆ ಬೆಳಗ್ಗೆ ಬಸ್ಸಿಗೆ ನಾನು ಹೋಗ್ತೀನಿ. ತಪ್ಪು ನಂದು ಅಂತ ಬರ್ಕೊಡ್ತೀನಿ. ಮಾಳದಲ್ಲಿ ಮಾತ್ರ ಕೂರೋದು ಬೇಡ."

ಮನೆ ಬಿಟ್ಟು ಹೋಗಲು ಸಿದ್ಧ, ಮಾಳದಲ್ಲಿ ಕೂರಲು ಸಿದ್ಧವಿಲ್ಲ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಇಂಗಿನ ಹಿಂದೆ ಇನ್ನೂ ದೊಡ್ಡದೇನೋ ಇದೆ ಎಂದು ನನಗೆ ಖಾತ್ರಿಯಾಯಿತು. ಚೆಲುವಾಂಬ ಬಂದು ಬೇಡ ಅಂದಳು. ಶೆಟ್ಟರು ಹೇಳಿ ಕಳಿಸಿದರು, ಬೇಡ ಅಂತ. ಒಬ್ಬೊಬ್ಬರು ಬೇಡ ಅಂದಷ್ಟೂ ನನ್ನ ಹಟ ಗಟ್ಟಿಯಾಗುತ್ತ ಹೋಯಿತು. ಕೊನೆಗೆ ಒಂಬತ್ತು ಕವರನ್ನೂ ಚೆಲುವಾಂಬನ ಕೈಗೆ ಕೊಟ್ಟು, ಅವಳು ಕೆರೆಗೆ ಎಸೆಯುವುದನ್ನು ಏರಿಯ ಮೇಲೆ ನಿಂತು ಕಣ್ಣಾರೆ ನೋಡಿದೆ.

ಮಾರನೆಯ ದಿನ ಬಿಸಿಲು ಏರುವ ಹೊತ್ತಿಗೆ ಮಾಳದಲ್ಲಿ ಬೀದಿಯ ಜನವೆಲ್ಲ ಸೇರಿತ್ತು. ಎಡಕ್ಕೆ ಭೂಷಣ, ನಡುವೆ ಪ್ರಭಾ, ಬಲಕ್ಕೆ ನಾನು. ಪ್ರಭಾ ತನ್ನ ಬಟ್ಟೆಯ ಗಂಟನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದಳು, ತೀರ್ಪಾದ ತಕ್ಷಣ ಬಸ್ಸಿಗೆ ಹೊರಡುವವಳಂತೆ. ಅಂಗೈಯನ್ನು ಮುಂದಕ್ಕೆ ಎಷ್ಟು ಚಾಚಿದ್ದಳೆಂದರೆ ಭಿಕ್ಷೆ ಬೇಡುವವರೂ ಹಾಗೆ ಚಾಚುವುದಿಲ್ಲ. ಅವಳ ತುಟಿ ಅಲ್ಲಾಡುತ್ತಿತ್ತು. ಏನೋ ಮಂತ್ರ ಹಾಕುತ್ತಿದ್ದಾಳೆ, ಕವರನ್ನು ಬೇರೆ ಕಡೆಗೆ ಕಳಿಸುತ್ತಾಳೆ ಎಂದು ನನಗೆ ಗುಮಾನಿ.

ಹನ್ನೆರಡರ ಹೊತ್ತಿಗೆ ಮೊದಲನೆಯದು ಬಂತು. ಕೆರೆ ಏರಿ ಇಳಿದು, ನೀರು ತೊಟ್ಟಿಕ್ಕಿಸಿಕೊಂಡು, ನೆಲದಿಂದ ಒಂದು ಗೇಣು ಮೇಲೆ, ಮೇವು ಮುಗಿಸಿ ಕೊಟ್ಟಿಗೆಗೆ ಬರುವ ಕರುವಿನಂತೆ ಬಂತು. ಭೂಷಣನ ಮುಂದೆ ನಿಲ್ಲಲಿಲ್ಲ. ಪ್ರಭಾಳ ಹತ್ತಿರ ಬಂತು. ಪ್ರಭಾ ಮಂಡಿಯೂರಿ ಎದ್ದು ಅದನ್ನು ಹಿಡಿಯಲು ಹೋದಳು. ಹೌದು, ಹಿಡಿಯಲು ಹೋದಳು, ಎರಡೂ ಕೈಯಲ್ಲಿ. ಅದು ಅವಳ ಬೆರಳ ಸಂದಿಯಿಂದ ನುಣುಚಿಕೊಂಡು ಬಂದು ನನ್ನ ಅಂಗೈ ಮೇಲೆ ಕೂತಿತು.

"ಗಾಳಿ" ಅಂದೆ.

ಎರಡನೆಯದು ಬಂತು, ನನ್ನ ತೊಡೆಯ ಮೇಲೆ. ಮೂರನೆಯದು, ನಾಲ್ಕನೆಯದು. ತಣ್ಣಗಿನ ಒದ್ದೆ ಕವರುಗಳು. ಒದ್ದೆ ಸೀರೆಗೆ ಅಂಟಿಕೊಂಡು ಅಲುಗಾಡದೆ ಕೂತವು. ಐದನೆಯದು ಬಂದಾಗ ಗಾಳಿ ಎಂಬ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಮಾಳದ ಅಂಚಿನಲ್ಲಿದ್ದ ಹುಣಸೆಮರದ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಒಂಬತ್ತೂ ಬಂದವು. ನಾನು ಒಂದೊಂದನ್ನೇ ಎತ್ತಿ ನೋಡಿದೆ. ಇದನ್ನು ಈಸಿಕೊಂಡದ್ದು ಯಾವ ದಿನ? ಗೊತ್ತಿಲ್ಲ. ಇದನ್ನು? ಗೊತ್ತಿಲ್ಲ. ಊರಿನವರೆಲ್ಲರ ಮಂಗಳವಾರ ಶುಕ್ರವಾರಗಳು ತಲೆಯಲ್ಲಿವೆ, ನನ್ನ ಒಂಬತ್ತು ದಿನಗಳಿಲ್ಲ. ಬಾವಿಗೆ ಹಗ್ಗ ಬಿಟ್ಟು ಬಿಟ್ಟು ನೋಡಿದೆ, ನೀರು ಸಿಗಲೇ ಇಲ್ಲ.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಮೊದಲು ಮಾತಾಡಿದವಳು ಚೆಲುವಾಂಬ. "ಇವತ್ತು ಗಾಳಿ ಜೋರು ಕಣ್ರಪ್ಪ. ಇದನ್ನ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ."

"ಹೌದೌದು, ಗಾಳಿ" ಅಂದರು ಪಾಪಣ್ಣ ಶೆಟ್ಟರು. ಅವರ ಟೋಪಿ ತಲೆಯ ಮೇಲೆ ಕಲ್ಲಿನ ಹಾಗೆ ಕೂತಿತ್ತು. "ಮತ್ತೊಂದು ದಿನ ನೋಡಿದ್ರಾಯ್ತು."

"ಬಾರವ್ವ, ಮನೆಗೆ ಹೋಗೋಣ" ಅಂದ ಭೂಷಣ.

ಆಗ ಗೊತ್ತಾಯಿತು. ಇವರಿಗೆಲ್ಲ ಮೊದಲಿನಿಂದಲೂ ತಿಳಿದಿತ್ತು. ಗೋಡೆಯಾಚೆಯ ಪಿಸುಪಿಸು, ಶೆಟ್ಟರ ಇಲ್ಲದ ಧೂಳು, ಎರಡೆರಡು ಸಲ ಕೇಳಿದ ಊಟ. ಇಡೀ ಬೀದಿ ನನ್ನ ಬೆನ್ನ ಹಿಂದೆ ಗುಟ್ಟು ಮಾಡುತ್ತಿದೆ ಎಂಬ ನನ್ನ ಅನುಮಾನ ತಪ್ಪಾಗಿರಲಿಲ್ಲ, ನಿಜವೇ ಆಗಿತ್ತು. ಈಗಲೂ ಅಷ್ಟೂ ಜನ ನಡುಹಗಲಿನಲ್ಲಿ ನಿಂತು ನನಗೋಸ್ಕರ ಸುಳ್ಳು ಹೇಳಲು ತಯಾರಾಗಿದ್ದರು. ನಾನು ಹೂಂ ಅಂದರೆ ಸಾಕಿತ್ತು. ಗಾಳಿ ಎಂದು ಒಪ್ಪಿಕೊಂಡರೆ ನನ್ನ ಕುರ್ಚಿ ನನ್ನದಾಗಿಯೇ ಇರುತ್ತಿತ್ತು, ಸೊಸೆ ಗಂಟು ಹಿಡಿದು ಬಸ್ಸು ಹತ್ತುತ್ತಿದ್ದಳು. ಅವಳು ಆಗಲೇ ಗಂಟಿಗೆ ಕೈ ಹಾಕಿದ್ದಳು. ಆ ಕ್ಷಣದಲ್ಲಿ ನನ್ನ ಮನಸ್ಸು ಹೂಂ ಅನ್ನಲು ಎಷ್ಟು ಹಂಬಲಿಸಿತೆಂದು ಹೇಳಿದರೆ ನೀವು ನನ್ನ ಮುಖಕ್ಕೆ ಉಗಿಯುತ್ತೀರಿ.

ಎದ್ದು ನಿಂತೆ. ಒಂಬತ್ತು ಕವರನ್ನೂ ಎಲ್ಲರಿಗೂ ಕಾಣುವ ಹಾಗೆ ಮೇಲೆ ಹಿಡಿದೆ.

"ಗಾಳಿ ಇಲ್ಲ" ಅಂದೆ. "ಒಂಬತ್ತೂ ನನ್ನ ಕೈಯವು. ಹುಡುಗಿದು ಏನೂ ತಪ್ಪಿಲ್ಲ. ಇನ್ಮೇಲೆ ಕವರಿನ ನ್ಯಾಯಕ್ಕೆ ನನ್ನ ಕರೀಬೇಡಿ."

ಪ್ರಭಾ ಓಡಿ ಬಂದು ಕವರುಗಳನ್ನು ನನ್ನ ಕೈಯಿಂದ ಬಿಡಿಸಿ, ನೀರು ಹಿಂಡಿ, ಒಂದೊಂದಾಗಿ ಮಡಿಸತೊಡಗಿದಳು. ನಾನು ಅವಳ ಕಿವಿಯ ಹತ್ತಿರ ಬಾಗಿ ಕೇಳಿದೆ, "ಯಾವತ್ತಿಂದ ಪ್ರಭಾ?"

ಅವಳು ತಲೆ ಎತ್ತಲಿಲ್ಲ. "ಯುಗಾದಿ ದಿನ ಸಾರಿಗೆ ಇಂಗಿಲ್ಲ ಅಂತ ನಾನು ಒಂದ್ಸಲ ಅಂದಿದ್ದೆ ಅತ್ತೆ. ಅವತ್ತಿಂದ ತರ್ತಾನೇ ಇದೀರ. ಡಬ್ಬಿ ನನ್ನ ಕೈಗೆ ಕೊಟ್ಟು, 'ತಗೋಳೇ, ಇಂಗಿಲ್ಲ ಅಂದ್ಯಲ್ಲ' ಅಂತೀರ. ಕವರು ದಾರೀಲಿ ಎಲ್ಲೋ ಬಿಸಾಕಿರ್ತೀರ."

"ಮತ್ತೆ ನಂದು ಅಂತ ಯಾಕಂದೆ?"

"ಇಡೀ ಊರು ನಿಮ್ಮ ನೆನಪನ್ನ ನಂಬ್ಕೊಂಡಿದೆ. ನಿಮಗೂ ಇರೋದು ಅದೊಂದೇ. ಅದನ್ನ ನಾನು ಹೇಗೆ ಕಿತ್ಕೊಳ್ಲಿ?"

ನನಗೆ ಅಳು ಬಂತು. ಜನರ ಮುಂದೆ ಎಂದೂ ಅತ್ತವಳಲ್ಲ, ಅವತ್ತು ಸೆರಗು ಬಾಯಿಗೆ ಹಿಡಿದು ಅತ್ತುಬಿಟ್ಟೆ. ನಾಚಿಕೆಗೋ, ಪ್ರಭಾಳ ಮೇಲಿನ ಪ್ರೀತಿಗೋ, ಇನ್ನು ಏನೇನು ಕಾದಿದೆಯೋ ಎಂಬ ಭಯಕ್ಕೋ, ಮೂರಕ್ಕೂ ಸೇರಿಸಿ ಅತ್ತೆ ಎಂದು ಕಾಣುತ್ತದೆ. ಭೂಷಣ ಚಾಪೆಗಳನ್ನು ಸುತ್ತಿಕೊಂಡ, ಹೆಂಡತಿಯ ಗಂಟನ್ನು ಹೆಗಲಿಗೆ ಹಾಕಿಕೊಂಡ. ಜನ ದಾರಿ ಬಿಟ್ಟರು.

"ಊಟಕ್ಕೆ ಹೊತ್ತಾಯ್ತು, ನಡೀರಿ ಅತ್ತೆ" ಅಂದಳು ಪ್ರಭಾ. ನನಗಿಂತ ಒಂದು ಹೆಜ್ಜೆ ಮುಂದೆ ನಡೆದಳು. ಮಾಳ ದಾಟಿದ ಮೇಲೆ ದಾರಿ ಎರಡಾಗುತ್ತದೆ. ನಲವತ್ತು ವರ್ಷ ನಡೆದ ದಾರಿ. ಅಲ್ಲಿ ನಿಂತೆ. ನಮ್ಮ ಮನೆ ಎಡಕ್ಕೆ ಎಂದು ನನಗೆ ಖಂಡಿತವಾಗಿ ಅನ್ನಿಸಿತು. ಅನ್ನಿಸಿದ್ದನ್ನು ನಂಬದೆ, ಅವಳು ಯಾವ ಕಡೆ ತಿರುಗುತ್ತಾಳೋ ನೋಡಿಕೊಂಡು ತಿರುಗಿದೆ.